ಊರಿನ ಹೆಸರೇ ವೈನಿನ ಹೆಸರು: ಫ್ರಾನ್ಸಿನ ಬಾಟಲಿ ಓದುವುದು, ಊಟಕ್ಕೆ ಹೊಂದಿಸುವುದು

ಫ್ರೆಂಚ್ ವೈನ್ ಕೊಳ್ಳಲು ಹೋದವರಿಗೆ ಮೊದಲ ತಲೆನೋವು ಲೇಬಲ್. ಆಸ್ಟ್ರೇಲಿಯಾದ ಬಾಟಲಿಯ ಮೇಲೆ ‘ಶಿರಾಜ್’ ಅಂತ ದೊಡ್ಡದಾಗಿ ಬರೆದಿರುತ್ತದೆ. ನಾಸಿಕದ ಅಥವಾ ನಂದಿ ಬೆಟ್ಟದ ಕಡೆಯ ಬಾಟಲಿಯಲ್ಲೂ ಸಾಮಾನ್ಯವಾಗಿ ದ್ರಾಕ್ಷಿಯ ಹೆಸರು ಇರುತ್ತದೆ. ಫ್ರಾನ್ಸಿನ ಬಾಟಲಿಯಲ್ಲಿ ಮಾತ್ರ ಪೋಯಾಕ್, ಸಾನ್ಸೇರ್, ಶಾಬ್ಲಿ ಅಂತ ಏನೇನೋ. ಅವೆಲ್ಲ ಊರುಗಳ ಹೆಸರು. ಒಳಗೆ ಯಾವ ದ್ರಾಕ್ಷಿ ಇದೆ, ರುಚಿ ಹೇಗಿರುತ್ತದೆ, ಯಾವ ಊಟಕ್ಕೆ ಹೊಂದುತ್ತದೆ ಅಂತ ಹೆಚ್ಚಿನ ಬಾಟಲಿಗಳು ಹೇಳುವುದೇ ಇಲ್ಲ. ಊರು ಹೇಳಿದ ಮೇಲೆ ಇನ್ನೇನು ಹೇಳಬೇಕು ಅನ್ನುವುದು ಅವರ ಲೆಕ್ಕ.

ಈ ಲೆಕ್ಕದ ಹಿಂದೆ ಕಾನೂನಿದೆ. ಧಾರವಾಡ ಪೇಡಕ್ಕೆ, ಬ್ಯಾಡಗಿ ಮೆಣಸಿನಕಾಯಿಗೆ ಈಗ ಜಿಐ ಟ್ಯಾಗ್ ಇದೆ ಅಲ್ವಾ? ಬೇರೆ ಕಡೆಯ ಸರಕನ್ನು ಆ ಹೆಸರಲ್ಲಿ ಮಾರುವ ಹಾಗಿಲ್ಲ. ಫ್ರೆಂಚರು ವೈನಿಗೆ ಇಂಥದ್ದನ್ನು 1935ರಲ್ಲೇ ಮಾಡಿದರು, ಅದೂ ಇನ್ನಷ್ಟು ಬಿಗಿಯಾಗಿ. 1936ರಲ್ಲಿ ಮೊದಲ ಊರುಗಳ ಹೆಸರು ಪಟ್ಟಿಗೆ ಸೇರಿದವು. ಈ ವ್ಯವಸ್ಥೆಗೆ ಎಒಸಿ, ಅಂದರೆ ‘ಆಪೆಲಾಸಿಯೋಂ ದೊರಿಜಿನ್ ಕಾಂಟ್ರೋಲೇ’ (ನಿಯಮಕ್ಕೆ ಒಳಪಟ್ಟ ಮೂಲದ ಹೆಸರು) ಅನ್ನುತ್ತಾರೆ. ಈಗ ಯುರೋಪ್ ಒಕ್ಕೂಟದ ರೀತಿಯಲ್ಲಿ ಎಒಪಿ ಅಂತಲೂ ಬರೆಯುತ್ತಾರೆ. ಒಂದು ಊರಿನ ಹೆಸರು ಹಾಕಬೇಕಾದರೆ ದ್ರಾಕ್ಷಿ ಆ ಗಡಿಯೊಳಗೇ ಬೆಳೆದಿರಬೇಕು. ಯಾವ ತಳಿ ಹಾಕಬಹುದು, ಹೆಕ್ಟೇರಿಗೆ ಎಷ್ಟು ಇಳುವರಿ ತೆಗೆಯಬಹುದು, ಆಲ್ಕೋಹಾಲ್ ಕನಿಷ್ಠ ಎಷ್ಟಿರಬೇಕು, ಬಳ್ಳಿಯನ್ನು ಹೇಗೆ ಸವರಬೇಕು ಅನ್ನುವುದಕ್ಕೂ ನಿಯಮ ಇದೆ. ಹಾಗಾಗಿ ‘ಸಾನ್ಸೇರ್’ ಬಿಳಿ ವೈನ್ ಅಂದರೆ ಸೋವಿನ್ಯೋನ್ ಬ್ಲಾಂಕ್ ದ್ರಾಕ್ಷಿ ಅಂತ ಕಣ್ಣು ಮುಚ್ಚಿ ಹೇಳಬಹುದು. ಬೇರೆ ದ್ರಾಕ್ಷಿ ಹಾಕಿದರೆ ಆ ಹೆಸರು ಸಿಗುವುದಿಲ್ಲ.

ಇಷ್ಟು ಬಿಗಿ ಯಾಕೆ ಬೇಕಾಯಿತು? ಮೋಸ ಜಾಸ್ತಿಯಾಗಿತ್ತು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೋಕ್ಸೆರಾ ಅನ್ನುವ ಸಣ್ಣ ಕೀಟ ದ್ರಾಕ್ಷಿ ಬೇರಿಗೆ ಬಿತ್ತು. ಕೆಲವು ದಶಕಗಳಲ್ಲಿ ಫ್ರಾನ್ಸಿನ ತೋಟಗಳು ಹಾಳಾದವು. ಕೊನೆಗೆ ಪರಿಹಾರ ಸಿಕ್ಕಿದ್ದೂ ಅಮೆರಿಕದಿಂದಲೇ. ಅಲ್ಲಿಯ ಬಳ್ಳಿಯ ಬೇರಿಗೆ ಆ ಕೀಟ ತಡೆಯುವ ಶಕ್ತಿ ಇತ್ತು. ಅದರ ಮೇಲೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟಿದರು. ಇವತ್ತಿಗೂ ಫ್ರಾನ್ಸಿನ ಬಹುತೇಕ ಬಳ್ಳಿಗಳು ನಿಂತಿರುವುದು ಅಮೆರಿಕದ ಬೇರಿನ ಮೇಲೆ. ಆದರೆ ಆ ಕೊರತೆಯ ಕಾಲದಲ್ಲಿ ಒಣದ್ರಾಕ್ಷಿ ನೆನೆಸಿ, ಸಕ್ಕರೆ ಸುರಿದು ಮಾಡಿದ ನೀರಿಗೂ ‘ವೈನ್’ ಅನ್ನುವ ಹೆಸರು ಬಂತು. ಬೆಲೆ ಕುಸಿಯಿತು. 1907ರಲ್ಲಿ ದಕ್ಷಿಣದ ಲಾಂಗ್‌ಡಾಕ್ ಬೆಳೆಗಾರರು ಲಕ್ಷಗಟ್ಟಲೆ ಬೀದಿಗಿಳಿದರು. ನಾರ್ಬೋನ್ ಪಟ್ಟಣದಲ್ಲಿ ಸೈನ್ಯ ಗುಂಡು ಹಾರಿಸಿತು. 1911ರಲ್ಲಿ ಶಾಂಪೇನ್ ಪ್ರಾಂತ್ಯದಲ್ಲಿ ಗಲಭೆ. ಅಲ್ಲಿಯ ಸಿಟ್ಟು ಹೊರಗಿನ ಅಗ್ಗದ ದ್ರಾಕ್ಷಿ ತರಿಸಿ ಶಾಂಪೇನ್ ಅಂತ ಮಾರುವವರ ಮೇಲೆ.

ಈ ಗೊಂದಲಕ್ಕೆ ದಾರಿ ತೋರಿಸಿದ್ದು ರೋನ್ ಕಣಿವೆಯ ಶಾತೋನೆಫ್ ದು ಪಾಪ್ ಅನ್ನುವ ಸಣ್ಣ ಊರು. ಅಲ್ಲಿ ತೋಟ ಇಟ್ಟುಕೊಂಡಿದ್ದ ಬ್ಯಾರನ್ ಲ ರ್ವಾ ವೃತ್ತಿಯಲ್ಲಿ ವಕೀಲ. 1923ರಲ್ಲಿ ಊರಿನ ಬೆಳೆಗಾರರ ಜೊತೆ ಕೂತು ನಿಯಮ ಬರೆದ. ಅದರಲ್ಲೊಂದು ನನಗೆ ಬಹಳ ಇಷ್ಟ: ಲ್ಯಾವೆಂಡರ್ ಮತ್ತು ಥೈಮ್ ಗಿಡ ಬೆಳೆಯುವಂಥ ನೆಲದಲ್ಲಷ್ಟೇ ದ್ರಾಕ್ಷಿ ಹಾಕಬೇಕು. ಅಂದರೆ ಬಡ ನೆಲ, ಒಣ ನೆಲ. ಫಲವತ್ತಾದ ಮಣ್ಣಲ್ಲಿ ಬಳ್ಳಿ ಎಲೆ ಬಿಡುತ್ತದೆ, ಹಣ್ಣಲ್ಲಿ ಸತ್ವ ಇರುವುದಿಲ್ಲ. ಮಣ್ಣು ಪರೀಕ್ಷೆಯ ವರದಿ ಕೇಳುವ ಬದಲು ಎರಡು ಗಿಡದ ಹೆಸರು ಹೇಳಿ ಗಡಿ ಹಾಕಿಬಿಟ್ಟರು. ಇದೇ ಊರು 1954ರಲ್ಲಿ ‘ನಮ್ಮ ದ್ರಾಕ್ಷಿ ತೋಟಗಳಲ್ಲಿ ಹಾರುವ ತಟ್ಟೆ ಇಳಿಯಬಾರದು’ ಅಂತಲೂ ಆದೇಶ ಹೊರಡಿಸಿತ್ತು. ಇಲ್ಲಿಯವರೆಗೆ ಯಾವ ತಟ್ಟೆಯೂ ಆದೇಶ ಮುರಿದಿಲ್ಲ.

ಒಂದು ಲೇಬಲ್ ಬಿಡಿಸಿ ನೋಡೋಣ

ಕೈಯಲ್ಲಿ ಒಂದು ಕೆಂಪು ವೈನ್ ಇದೆ ಅಂದುಕೊಳ್ಳಿ. ಮೇಲೆ ‘ಶಾತೋ’ ಅಂತ ಶುರುವಾಗುವ ಹೆಸರು. ಅದು ತೋಟದ ಹೆಸರು. ಶಾತೋ ಅಂದ ಮಾತ್ರಕ್ಕೆ ಅರಮನೆ ಇರಬೇಕೆಂದೇನೂ ಇಲ್ಲ, ಶೆಡ್ಡು ಇದ್ದರೂ ಇರಬಹುದು. ಅದರ ಕೆಳಗೆ ಇಸವಿ, ಅಂದರೆ ದ್ರಾಕ್ಷಿ ಕೊಯ್ದ ವರ್ಷ. ಅದಕ್ಕೂ ಕೆಳಗೆ ‘ಆಪೆಲಾಸಿಯೋಂ ಪೋಯಾಕ್ ಕಾಂಟ್ರೋಲೇ’. ಕಣ್ಣು ನಿಲ್ಲಬೇಕಾದ ಸಾಲು ಇದು. ಇನ್ನೂ ಕೆಳಗೆ ‘ಮಿಸ್ ಆಂ ಬೂತೇಯ್ ಓ ಶಾತೋ’ ಅಂತ ಇದ್ದರೆ ತೋಟದಲ್ಲೇ ಬಾಟಲಿ ತುಂಬಿದ್ದಾರೆ ಅಂತ ಅರ್ಥ.

ಈಗ ಪೋಯಾಕ್ ಎಲ್ಲಿದೆ? ಬೋರ್ಡೋ ನಗರದ ಉತ್ತರಕ್ಕೆ, ಜಿರೋಂದ್ ನದೀಮುಖದ ಎಡದಂಡೆಯಲ್ಲಿ. ಎಡದಂಡೆ ಅಂದರೆ ಜಲ್ಲಿಕಲ್ಲಿನ ನೆಲ. ಅಂಥ ನೆಲಕ್ಕೆ ಕ್ಯಾಬರ್ನೆ ಸೋವಿನ್ಯೋನ್ ತಳಿ ಸರಿಹೊಂದುತ್ತದೆ. ಆ ದ್ರಾಕ್ಷಿಯ ಸಿಪ್ಪೆ ದಪ್ಪ, ವೈನ್ ಒಗರು. ಒಗರು ವೈನಿಗೆ ಕೊಬ್ಬಿರುವ ಕೆಂಪು ಮಾಂಸ ಬೇಕು. ಪೋಯಾಕ್ ಊರು ಎಳೆ ಕುರಿಮರಿ ಮಾಂಸಕ್ಕೂ ಹೆಸರುವಾಸಿ. ಒಂದು ಊರಿನ ಹೆಸರಿನಿಂದ ಇಷ್ಟೂ ಬಂತು.

ಇನ್ನೊಂದು ಸೂತ್ರ: ಹೆಸರಿನ ಜಾಗ ಚಿಕ್ಕದಾದಷ್ಟೂ ನಿಯಮ ಬಿಗಿ, ಬೆಲೆಯೂ ಜಾಸ್ತಿ. ‘ಬೋರ್ಡೋ’ ಅಂತಷ್ಟೇ ಇದ್ದರೆ ಇಡೀ ಪ್ರಾಂತ್ಯದಲ್ಲಿ ಎಲ್ಲಿಯ ದ್ರಾಕ್ಷಿಯಾದರೂ ಆಗಬಹುದು. ‘ಓ ಮೆದೋಕ್’ ಅಂದರೆ ಒಂದು ಹೋಬಳಿಯಷ್ಟು ಜಾಗ. ‘ಪೋಯಾಕ್’ ಅಂದರೆ ಒಂದು ಊರು.

ಊಟಕ್ಕೆ ಹೊಂದಿಸುವ ಮೊದಲು ನಾಲ್ಕು ವಿಷಯ

ವೈನಿನ ರುಚಿ ಹೇಳುವವರು ಚೆರ್ರಿ, ಹೊಗೆಸೊಪ್ಪು, ಒದ್ದೆ ಕಲ್ಲು ಅಂತೆಲ್ಲ ಹೇಳುತ್ತಾರೆ. ಅದು ಪರಿಮಳದ ಮಾತು. ಊಟದ ಜೊತೆ ಹೊಂದಿಸಲು ಅದಕ್ಕಿಂತ ಮುಖ್ಯವಾಗಿ ಹುಳಿ, ಒಗರು, ಸಿಹಿ, ಆಲ್ಕೋಹಾಲ್ ನೋಡಬೇಕು.

ಒಗರು ಬರುವುದು ದ್ರಾಕ್ಷಿ ಸಿಪ್ಪೆ, ಬೀಜ ಮತ್ತು ಮರದ ಪೀಪಾಯಿಯಲ್ಲಿರುವ ಟ್ಯಾನಿನ್‌ನಿಂದ. ಕಡುವಾದ ಕಪ್ಪು ಟೀ ಕುಡಿದಾಗ ನಾಲಗೆ ಒರಟಾಗುತ್ತದಲ್ಲ, ಅದೂ ಟ್ಯಾನಿನ್ ಕೆಲಸವೇ. ಅದು ಜೊಲ್ಲಿನಲ್ಲಿರುವ ಪ್ರೋಟೀನ್ ಹಿಡಿದುಕೊಂಡು ಬಾಯಿ ಒಣಗಿಸುತ್ತದೆ. ಮಾಂಸ ತಿಂದರೆ ಆ ಪ್ರೋಟೀನು, ಕೊಬ್ಬು ಒಗರನ್ನು ಹಿಡಿದುಕೊಳ್ಳುತ್ತವೆ, ವೈನ್ ಮೆತ್ತಗಾಗುತ್ತದೆ. ಹುಳಿಗೆ ಬೇರೆ ಕೆಲಸ. ಅದು ಎಣ್ಣೆ, ಬೆಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ. ಊಟವೇ ಹುಳಿ ಇದ್ದರೆ ವೈನ್ ಅದಕ್ಕಿಂತ ಕಮ್ಮಿ ಹುಳಿ ಇರಬಾರದು, ಇದ್ದರೆ ಸಪ್ಪೆ ಅನಿಸುತ್ತದೆ. ಸಿಹಿಗೂ ಇದೇ ಮಾತು: ತಿಂಡಿಗಿಂತ ವೈನ್ ಸಿಹಿ ಇರಬೇಕು. ಇನ್ನು ಖಾರ. ಆಲ್ಕೋಹಾಲ್ ಮತ್ತು ಒಗರು ಎರಡೂ ಖಾರವನ್ನು ಕೆರಳಿಸುತ್ತವೆ. ಸಿಹಿ ತಣ್ಣಗೆ ಮಾಡುತ್ತದೆ.

ಫ್ರಾನ್ಸಿನ ನಕ್ಷೆಯನ್ನು ಇದರ ಮೇಲೆ ಇಟ್ಟು ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಉತ್ತರಕ್ಕೆ ಹೋದಷ್ಟೂ ಚಳಿ, ಹಣ್ಣು ನಿಧಾನಕ್ಕೆ ಮಾಗುತ್ತದೆ, ಹುಳಿ ಜಾಸ್ತಿ, ಆಲ್ಕೋಹಾಲ್ ಕಮ್ಮಿ. ದಕ್ಷಿಣಕ್ಕೆ ಇಳಿದಷ್ಟೂ ಬಿಸಿಲು, ಹಣ್ಣಲ್ಲಿ ಸಕ್ಕರೆ ಜಾಸ್ತಿ, ವೈನ್ ದಪ್ಪ, ಆಲ್ಕೋಹಾಲ್ ಶೇಕಡಾ 14 ದಾಟುವುದು ಸಾಮಾನ್ಯ.

ಬೋರ್ಡೋ: ಎರಡು ದಂಡೆ

ಗರೋನ್, ದೋರ್ದೋನ್ ಎರಡು ನದಿ ಸೇರಿ ಜಿರೋಂದ್ ಆಗುತ್ತದೆ. ಎಡದಂಡೆಯ ಮೆದೋಕ್ ಮೊದಲು ಬಹುಪಾಲು ಜೌಗು. 17ನೇ ಶತಮಾನದಲ್ಲಿ ಡಚ್ ಎಂಜಿನಿಯರುಗಳು ನೀರು ಬಸಿದು ನೆಲ ಮಾಡಿಕೊಟ್ಟರು. ಬಲದಂಡೆಯ ಸಾಂತೆಮಿಲಿಯೋಂ, ಪೊಮೆರೋಲ್ ಕಡೆ ಜೇಡಿಮಣ್ಣು, ಸುಣ್ಣಕಲ್ಲು. ಅಲ್ಲಿ ಮೆರ್ಲೋ ದ್ರಾಕ್ಷಿಯದೇ ಮೇಲುಗೈ. ಮೆರ್ಲೋ ವೈನಿಗೆ ಒಗರು ಕಮ್ಮಿ, ಹಣ್ಣಿನ ಮೈ ಜಾಸ್ತಿ. ಹೊಸದಾಗಿ ಶುರು ಮಾಡುವವರು ಬಲದಂಡೆಯಿಂದ ಹತ್ತಿದರೆ ಸುಲಭ.

ಬೋರ್ಡೋ ಹೆಸರು ಜಗತ್ತಿಗೆಲ್ಲ ಹಬ್ಬಿದ್ದಕ್ಕೆ ಒಂದು ಮದುವೆಯೂ ಕಾರಣ. 1152ರಲ್ಲಿ ಅಕ್ವಿಟೇನ್ ಸಂಸ್ಥಾನದ ಎಲಿನೋರ್ ಮದುವೆಯಾದ ಹೆನ್ರಿ ಎರಡೇ ವರ್ಷದಲ್ಲಿ ಇಂಗ್ಲೆಂಡಿನ ರಾಜನಾದ. ಬೋರ್ಡೋ 1453ರವರೆಗೆ ಇಂಗ್ಲೆಂಡಿನ ಕೈಯಲ್ಲಿತ್ತು. ಮುನ್ನೂರು ವರ್ಷ ಹಡಗುಗಟ್ಟಲೆ ವೈನ್ ಅತ್ತ ಹೋಯಿತು. ಇಂಗ್ಲಿಷರು ಅದನ್ನು ‘ಕ್ಲಾರೆಟ್’ ಅಂದರು.

1855ರ ಪಟ್ಟಿಯ ಮಾತು ಕೇಳಿರಬಹುದು. ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನಕ್ಕೆ ಅಂತ ಮೂರನೇ ನೆಪೋಲಿಯನ್ ಕಾಲದಲ್ಲಿ ದಲ್ಲಾಳಿಗಳು ಮೆದೋಕ್‌ನ ತೋಟಗಳನ್ನು ಐದು ದರ್ಜೆಯಾಗಿ ಪಟ್ಟಿ ಮಾಡಿದರು. ಕುಡಿದು ನೋಡಿ ಅಂಕ ಹಾಕಿದ್ದಲ್ಲ, ಮಾರುಕಟ್ಟೆಯಲ್ಲಿ ಯಾರ ವೈನಿಗೆ ಎಷ್ಟು ಬೆಲೆ ಬರುತ್ತಿತ್ತೋ ಅದರ ಪ್ರಕಾರ. ಆಮೇಲೆ ದರ್ಜೆ ಬದಲಾದದ್ದು ಒಂದೇ ಒಂದು ತೋಟದ್ದು. 1973ರಲ್ಲಿ ಮೂತೋಂ ರೋತ್ಶಿಲ್ಡ್ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಏರಿತು. ಆ ಮೇಲಿನ ದರ್ಜೆಯ ಬಾಟಲಿಗಳು ನಮ್ಮ ನಿಮ್ಮಂಥವರ ಊಟದ ಮೇಜಿಗೆ ಬರುವುದು ಕಷ್ಟ, ಬಿಡಿ. ಪಟ್ಟಿಯ ಹೊರಗೆ ಒಳ್ಳೆ ತೋಟಗಳು ಬೇಕಾದಷ್ಟಿವೆ.

ಇದೇ ಬೋರ್ಡೋದ ದಕ್ಷಿಣಕ್ಕೆ ಸೊತೆರ್ನ್ ಇದೆ. ಸಿರೋಂ ಅನ್ನುವ ತಣ್ಣನೆ ನೀರಿನ ಸಣ್ಣ ಹೊಳೆ ಬೆಚ್ಚಗಿನ ಗರೋನ್ ನದಿಗೆ ಸೇರುವ ಕಡೆ ಶರತ್ಕಾಲದ ಬೆಳಗ್ಗೆ ಮಂಜು ಕವಿಯುತ್ತದೆ. ಆ ತೇವಕ್ಕೆ ದ್ರಾಕ್ಷಿಗೆ ಬೂಷ್ಟು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲು ಬೂಷ್ಟನ್ನು ಹದದಲ್ಲಿಡುತ್ತದೆ. ಬೊಟ್ರೈಟಿಸ್ ಅನ್ನುವ ಈ ಬೂಷ್ಟು ಸಿಪ್ಪೆಗೆ ತೂತು ಮಾಡಿ ನೀರು ಆರಿಸುತ್ತದೆ, ಸಕ್ಕರೆ ಮಾತ್ರ ಉಳಿಯುತ್ತದೆ. ನೋಡಲು ಬೂದು ಬಣ್ಣದ, ಮುದುಡಿದ, ಬಿಸಾಡಬೇಕು ಅನ್ನಿಸುವಂಥ ಕಾಯಿ. ಕೊಯ್ಯುವವರು ತೋಟಕ್ಕೆ ಮತ್ತೆ ಮತ್ತೆ ಬಂದು ಸರಿಯಾಗಿ ಬೂಷ್ಟು ಹಿಡಿದದ್ದನ್ನಷ್ಟೇ ಆರಿಸುತ್ತಾರೆ. ಜೇನು, ಜರ್ದಾಳು, ಕಿತ್ತಳೆ ಸಿಪ್ಪೆಯ ಪರಿಮಳ ಬರುತ್ತದೆ. ಇದನ್ನು ಸಿಹಿತಿಂಡಿ ಜೊತೆ ಕುಡಿಯಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲಿಯವರು ರೋಕ್‌ಫೋರ್ ಅನ್ನುವ ನೀಲಿ ಗೆರೆಯ ಉಪ್ಪುಪ್ಪು ಚೀಸ್ ಜೊತೆ ಕುಡಿಯುತ್ತಾರೆ. ಉಪ್ಪು ಮತ್ತು ಸಿಹಿ, ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಫ್ರಾನ್ಸಿನ ಜೋಡಿಗಳಲ್ಲಿ ಒಂದನ್ನು ಮಾತ್ರ ರುಚಿ ನೋಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಬರ್ಗಂಡಿ: ಗಜ ಗಜಕ್ಕೂ ಲೆಕ್ಕ

ಬೋರ್ಡೋದಲ್ಲಿ ಹಲವು ತಳಿ ಬೆರೆಸುತ್ತಾರೆ. ಬರ್ಗಂಡಿಯಲ್ಲಿ ಕೆಂಪಿಗೆ ಹೆಚ್ಚುಕಮ್ಮಿ ಪಿನೋ ನ್ವಾರ್ ಒಂದೇ, ಬಿಳಿಗೆ ಶಾರ್ಡೊನೆ ಒಂದೇ. ಹಾಗಾಗಿ ರುಚಿಯ ವ್ಯತ್ಯಾಸವೆಲ್ಲ ನೆಲದ ತಲೆಗೆ. ದಿಜೋಂ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಉದ್ದದ ಒಂದು ಇಳಿಜಾರು, ಪೂರ್ವಕ್ಕೆ ಮುಖ. ಅದರ ನಡುಭಾಗದ ಕೆಲವು ತುಂಡುಗಳಲ್ಲಿ ಬೆಳೆದದ್ದಕ್ಕೆ ‘ಗ್ರಾಂ ಕ್ರೂ’ ಅನ್ನುವ ಅತಿ ಮೇಲಿನ ಪಟ್ಟ, ಕೆಳಗೆ ರಸ್ತೆ ಬದಿಯಲ್ಲಿ ಬೆಳೆದದ್ದಕ್ಕೆ ಸುಮ್ನೆ ‘ಬೂರ್ಗೋನ್ಯ್’. ನಡುವೆ ಹತ್ತಾರು ಹೆಜ್ಜೆಯ ಅಂತರ, ಬೆಲೆಯಲ್ಲಿ ಹತ್ತಾರು ಪಟ್ಟು. ಮಧ್ಯಯುಗದಲ್ಲಿ ಸಿಸ್ಟರ್ಷಿಯನ್ ಸನ್ಯಾಸಿಗಳು ಯಾವ ತುಂಡಿನ ವೈನ್ ಹೇಗಿರುತ್ತದೆ ಅಂತ ತಲೆಮಾರುಗಳ ಕಾಲ ಗಮನಿಸುತ್ತ ಬಂದರು. ಅವರು ಗೋಡೆ ಕಟ್ಟಿದ ಕ್ಲೋ ದ ವೂಜೋ ಅನ್ನುವ ತೋಟ ಇವತ್ತಿಗೂ ಇದೆ. ಸುಮಾರು 50 ಹೆಕ್ಟೇರ್ ಜಾಗಕ್ಕೆ ಸುಮಾರು 80 ಮಾಲೀಕರು! ಫ್ರೆಂಚ್ ಕ್ರಾಂತಿಯ ನಂತರ ಮಠದ ಜಮೀನು ಹರಾಜಾಯಿತು. ಮುಂದೆ ನೆಪೋಲಿಯನ್ ಕಾನೂನಿನಂತೆ ಆಸ್ತಿ ಎಲ್ಲ ಮಕ್ಕಳಿಗೂ ಪಾಲಾಗುತ್ತ ಬಂತು. ಒಬ್ಬರ ಪಾಲಿಗೆ ಕೆಲವು ಸಾಲು ಬಳ್ಳಿ ಉಳಿದದ್ದೂ ಉಂಟು. ಹಾಗಾಗಿ ಬರ್ಗಂಡಿಯಲ್ಲಿ ಊರು, ತೋಟದ ಜೊತೆ ಮಾಡಿದವರ ಹೆಸರನ್ನೂ ನೋಡಬೇಕು. ಹೆಸರಾಂತ ರೊಮಾನೆ ಕೋಂತಿ ತೋಟದ ಅಳತೆ ಎಷ್ಟು ಗೊತ್ತಾ? ಬರೀ 1.8 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಕರೆ.

ಇಲ್ಲಿ ಒಂದು ಚಾಲಾಕಿತನವೂ ನಡೆದಿದೆ. ಜೆವ್ರೇ ಅನ್ನುವ ಊರು 1847ರಲ್ಲಿ ತನ್ನ ಅತಿ ಪ್ರಸಿದ್ಧ ತೋಟ ಶಾಂಬೆರ್ತಾಂ ಹೆಸರನ್ನು ತನ್ನ ಹೆಸರಿಗೇ ಅಂಟಿಸಿಕೊಂಡು ಜೆವ್ರೇ ಶಾಂಬೆರ್ತಾಂ ಆಯಿತು. ಉಳಿದ ಊರುಗಳೂ ಅದೇ ದಾರಿ ಹಿಡಿದವು. ಹಾಗಾಗಿ ‘ಶಾಂಬೆರ್ತಾಂ’ ಅಂತಷ್ಟೇ ಇದ್ದರೆ ಗ್ರಾಂ ಕ್ರೂ ತೋಟ, ಹಿಂದೆ ಜೆವ್ರೇ ಸೇರಿದ್ದರೆ ಊರಿನ ಮಟ್ಟದ ವೈನ್. ಊರಿನ ಹೆಸರು ಅಂಟಿಕೊಂಡಿದ್ದರೆ ದರ್ಜೆ ಕೆಳಗೆ. ದುಡ್ಡು ಕೊಡುವ ಮುಂಚೆ ಇದು ಗೊತ್ತಿರಬೇಕು.

ಪಿನೋ ನ್ವಾರ್ ಬಣ್ಣ ತಿಳಿ, ಒಗರು ಕಮ್ಮಿ, ಹುಳಿ ಚುರುಕು. ಚೆರ್ರಿಯ ವಾಸನೆ, ಹಳೆಯದಾದರೆ ಅಣಬೆ, ಒದ್ದೆ ಎಲೆಯ ವಾಸನೆ. ಕೋಳಿ, ಬಾತುಕೋಳಿ, ಅಣಬೆಗೆ ಇದಕ್ಕಿಂತ ಒಳ್ಳೆ ಜೊತೆ ಕಷ್ಟ. ಕೆಂಪು ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸದ ‘ಬಫ್ ಬೂರ್ಗಿನ್ಯೋಂ’, ಕೋಳಿಯ ‘ಕಾಕೋ ವ್ಯಾಂ’, ಎರಡೂ ಈ ನೆಲದ ಅಡುಗೆ. ಬಿಳಿ ಶಾರ್ಡೊನೆಯನ್ನು ಮರದ ಪೀಪಾಯಿಯಲ್ಲಿಟ್ಟಾಗ ಬೆಣ್ಣೆ, ಬಾದಾಮಿಯ ರುಚಿ ಬರುತ್ತದೆ. ಕೆನೆ ಹಾಕಿದ ಕೋಳಿ, ಬೆಣ್ಣೆಯಲ್ಲಿ ಹುರಿದ ಮೀನಿಗೆ ಅದು.

ಇದೇ ಶಾರ್ಡೊನೆ ಶಾಬ್ಲಿಯಲ್ಲಿ ಬೇರೆಯೇ ಆಗುತ್ತದೆ. ಶಾಬ್ಲಿ ಬರ್ಗಂಡಿಗೆ ಸೇರಿದ್ದರೂ ಉತ್ತರದ ಚಳಿಯಲ್ಲಿ ಒಂಟಿಯಾಗಿದೆ. ಅಲ್ಲಿಯ ಸುಣ್ಣಕಲ್ಲಿನಲ್ಲಿ ಕೋಟ್ಯಂತರ ವರ್ಷದ ಹಿಂದಿನ ಪುಟಾಣಿ ಸಿಂಪಿಯ ಚಿಪ್ಪುಗಳಿವೆ. ವೈನಿನ ರುಚಿ ತೀಕ್ಷ್ಣ, ನಿಂಬೆಯಷ್ಟು ಚುರುಕು. ಹಸಿ ಸಿಂಪಿಯ ಜೊತೆ ಕುಡಿಯುತ್ತಾರೆ. ಚಿಪ್ಪಿನಿಂದಲೇ ಆ ರುಚಿ ಬರುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೇರು ಕಲ್ಲಿನ ರುಚಿ ಹೀರಿ ಹಣ್ಣಿಗೆ ಕಳಿಸುವುದಿಲ್ಲ. ಚಳಿಯ ಹುಳಿ, ಸಿಂಪಿಯ ಉಪ್ಪು, ಜೋಡಿಗೆ ಅಷ್ಟು ಸಾಕು.

ರೋನ್: ಕಾಳುಮೆಣಸಿನ ವೈನ್

ನಮ್ಮ ನಾಲಗೆಗೆ ಬೇಗ ಒಗ್ಗುವ ಪ್ರಾಂತ್ಯ ಇದು ಅಂತ ನನ್ನ ಅನಿಸಿಕೆ. ಉತ್ತರ ರೋನ್ ಕಣಿವೆಯಲ್ಲಿ ಕಡಿದಾದ ಗ್ರಾನೈಟ್ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೋಟ. ಕೋತ್ ರೋತಿ, ಎರ್ಮಿತಾಜ್, ಕೊರ್ನಾಸ್ ಅಂತ ಊರು, ಗುಡ್ಡಗಳು. ಕೆಂಪಿಗೆ ಸಿರಾ ಒಂದೇ ತಳಿ. ಆಸ್ಟ್ರೇಲಿಯಾದ ಶಿರಾಜ್ ಇದೇ. ಗ್ಲಾಸಿಗೆ ಮೂಗಿಟ್ಟರೆ ಆಗತಾನೆ ಕುಟ್ಟಿದ ಕಾಳುಮೆಣಸಿನ ವಾಸನೆ. ಇದು ಕವಿಕಲ್ಪನೆ ಅಲ್ಲ. ರೋಟಂಡೋನ್ ಅನ್ನುವ ಸಂಯುಕ್ತ ಇದಕ್ಕೆ ಕಾರಣ ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಕಾಳುಮೆಣಸಿನ ಆ ವಾಸನೆಗೂ ಅದೇ ಕಾರಣ. ತಂಪು ಜಾಗದ ಸಿರಾದಲ್ಲಿ ಅದು ಜಾಸ್ತಿ. 19ನೇ ಶತಮಾನದಲ್ಲಿ ಬೋರ್ಡೋದ ವ್ಯಾಪಾರಿಗಳು ತಮ್ಮ ತೆಳು ವೈನಿಗೆ ಮೈ ಬರಲಿ ಅಂತ ಎರ್ಮಿತಾಜ್ ಬೆರೆಸುತ್ತಿದ್ದರು. ಈಗಿನ ಕಾನೂನಲ್ಲಿ ಹಾಗೆ ಮಾಡಿದರೆ ಬೋರ್ಡೋ ಹೆಸರು ಹೋಗುತ್ತದೆ.

ಕೊಡಗಿನ ಪಂದಿ ಕರಿ ಮಾಡುವವರಿಗೆ ನನ್ನ ಸಲಹೆ ಇದೇ ಉತ್ತರ ರೋನ್, ಅದರಲ್ಲೂ ಬೆಲೆ ಕಮ್ಮಿ ಇರುವ ಕ್ರೋಜ್ ಎರ್ಮಿತಾಜ್ ಅಥವಾ ಸಾಂ ಜೋಸೆಫ್. ಹಂದಿಯ ಕೊಬ್ಬು ಒಗರನ್ನು ತಡೆದುಕೊಳ್ಳುತ್ತದೆ. ಹುರಿದ ಕಾಳುಮೆಣಸು ವೈನಿನ ಮೆಣಸಿಗೆ ಸೇರಿಕೊಳ್ಳುತ್ತದೆ. ಕಾಚಂಪುಳಿಯ ಹುಳಿಗೆ ಸಿರಾದ ಹುಳಿ ಸಮ ನಿಲ್ಲುತ್ತದೆ. ಕಾಳುಮೆಣಸಿನ ಖಾರವಾದ್ದರಿಂದ ಹಸಿಮೆಣಸಿನಕಾಯಿ ಹದದಲ್ಲಿದ್ದರೆ ಒಳ್ಳೆಯದು.

ದಕ್ಷಿಣ ರೋನ್ ಬಿಸಿಲಿನ ನಾಡು. ಗ್ರನಾಶ್ ದ್ರಾಕ್ಷಿ ಮುಖ್ಯ. ಆಗ ಹೇಳಿದ ಶಾತೋನೆಫ್ ದು ಪಾಪ್ ಇಲ್ಲಿಯದೇ. 1309ರಿಂದ 1377ರವರೆಗೆ ಪೋಪರು ರೋಮ್ ಬಿಟ್ಟು ಹತ್ತಿರದ ಅವಿನ್ಯೋನ್‌ನಲ್ಲಿ ಇದ್ದರು, ಹಾಗಾಗಿ ಊರಿಗೆ ಪೋಪನ ಹೆಸರು. ತೋಟದ ಎಷ್ಟೋ ಕಡೆ ಮಣ್ಣೇ ಕಾಣದಷ್ಟು ದುಂಡನೆ ಉರುಟು ಕಲ್ಲುಗಳು. ಮಿಸ್ತ್ರಾಲ್ ಗಾಳಿ ಬೀಸಿದರೆ ನಿಲ್ಲುವುದು ಕಷ್ಟ, ಆದರೆ ತೇವ ಒಣಗಿಸಿ ಬಳ್ಳಿಯ ರೋಗ ತಡೆಯುವುದು ಅದೇ. ವೈನ್ ದಪ್ಪ, ಬೆಚ್ಚಗೆ, ಒಣ ಹಣ್ಣು ಮತ್ತು ಸೊಪ್ಪಿನ ಪರಿಮಳ. ಥೈಮ್, ರೋಸ್ಮರಿ ಹಾಕಿ ಸುಟ್ಟ ಕುರಿ ಮಾಂಸಕ್ಕೆ ಹೇಳಿ ಮಾಡಿಸಿದ್ದು. ತುಂಬಾ ಖಾರದ ಅಡುಗೆಗೆ ಬೇಡ. 14.5 ಆಲ್ಕೋಹಾಲ್ ಜೊತೆ ಗುಂಟೂರು ಮೆಣಸಿನಕಾಯಿ ಸೇರಿದರೆ ಉರಿ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ.

ಲ್ಯೋಂ ನಗರದ ಉತ್ತರಕ್ಕಿರುವ ಬೋಜೊಲೇಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಾಮೆ ಅನ್ನುವ ತಳಿ. 1395ರಲ್ಲಿ ಬರ್ಗಂಡಿಯ ದೊರೆ ದಿಟ್ಟ ಫಿಲಿಪ್ ‘ಈ ಕೆಟ್ಟ ದ್ರಾಕ್ಷಿಯನ್ನು ಕಿತ್ತುಹಾಕಿ’ ಅಂತ ಆಜ್ಞೆ ಮಾಡಿದ್ದ. ದಕ್ಷಿಣದ ಗ್ರಾನೈಟ್ ನೆಲದಲ್ಲಿ ಅದು ಚೆನ್ನಾಗಿ ಬಾಳಿತು. ಗೊಂಚಲನ್ನು ಹಿಸುಕದೆ ಇಡಿಯಾಗಿ ಹುದುಗಿಗೆ ಹಾಕುತ್ತಾರೆ, ಒಗರು ಇಳಿಯುವುದಿಲ್ಲ, ಹಣ್ಣಿನ ರುಚಿ ಉಳಿಯುತ್ತದೆ. ನವೆಂಬರ್ ಮೂರನೇ ಗುರುವಾರ ಬರುವ ‘ಬೋಜೊಲೇ ನೂವೋ’ ಗಲಾಟೆ ಜಾಸ್ತಿ, ವೈನ್ ಸಾಧಾರಣ. ಮೋರ್ಗೋಂ, ಫ್ಲರಿ ಅಂತ ಹತ್ತು ಊರುಗಳ ಹೆಸರಿನ ಬೋಜೊಲೇ ತೆಗೆದುಕೊಳ್ಳಿ. ಸ್ವಲ್ಪ ತಣ್ಣಗೆ ಮಾಡಿ ಕುಡಿದರೆ ನಮ್ಮ ಕೋಳಿ ಸಾರಿಗೂ ತೊಂದರೆ ಕೊಡದ ಕೆಂಪು ವೈನ್ ಇದು.

ಉತ್ತರದ ಬಿಳಿಗಳು

ಫ್ರಾನ್ಸಿನಲ್ಲಿ ಲೇಬಲ್ ಮೇಲೆ ದ್ರಾಕ್ಷಿಯ ಹೆಸರನ್ನು ಪದ್ಧತಿಯಾಗಿಯೇ ಬರೆಯುವ ನಾಡು ಆಲ್ಸಾಸ್. ಜರ್ಮನಿಯ ಗಡಿ. 1871ರಿಂದ 1918ರವರೆಗೆ ಜರ್ಮನಿಯ ವಶದಲ್ಲೇ ಇತ್ತು, ಎರಡನೇ ಮಹಾಯುದ್ಧದಲ್ಲಿ ಮತ್ತೊಮ್ಮೆ. ಬಾಟಲಿ ಎತ್ತರ, ಸಪೂರ. ಪಶ್ಚಿಮಕ್ಕಿರುವ ವೋಜ್ ಬೆಟ್ಟಗಳು ಮಳೆಯನ್ನು ತಡೆಯುತ್ತವೆ, ಕೊಲ್ಮಾರ್ ಫ್ರಾನ್ಸಿನ ಅತಿ ಕಮ್ಮಿ ಮಳೆಯ ಊರುಗಳಲ್ಲಿ ಒಂದು. ಇಲ್ಲಿಯ ರೀಸ್ಲಿಂಗ್ ಹುಳಿ ಚುರುಕು. ಹುಳಿಬರಿಸಿದ ಎಲೆಕೋಸು, ಹಂದಿ ಸಾಸೇಜಿನ ‘ಶೂಕ್ರೂತ್’ ಜೊತೆಗೆ ಕುಡಿಯುತ್ತಾರೆ. ಗೆವುರ್ಜ್‌ಟ್ರಾಮಿನರ್ ಇದೆಯಲ್ಲ, ಹೆಸರು ಹೇಳುವುದು ಕಷ್ಟ, ಇಷ್ಟವಾಗುವುದು ಬಹಳ ಸುಲಭ. ಗುಲಾಬಿ, ಲಿಚಿಯ ಪರಿಮಳ. ಹುಳಿ ಕಮ್ಮಿ, ಎಷ್ಟೋ ಸಲ ತುಸು ಸಿಹಿ. ಅಲ್ಲಿ ಘಾಟು ವಾಸನೆಯ ಮುನ್‌ಸ್ಟೆರ್ ಚೀಸ್‌ಗೆ ಜೀರಿಗೆಯ ಜಾತಿಯ ಕಾಳು ಉದುರಿಸಿ ಇದರ ಜೊತೆ ತಿನ್ನುತ್ತಾರೆ. ಮಸಾಲೆ ಅಡುಗೆಗೆ ಯಾವ ಫ್ರೆಂಚ್ ವೈನ್ ಅಂತ ಕೇಳಿದರೆ ಎಲ್ಲರೂ ಇದನ್ನೇ ಹೇಳುತ್ತಾರೆ. ಕುರ್ಮಾ, ತೆಂಗಿನಹಾಲಿನ ಸಾರಿಗೆ ನಿಜ. ಹುಣಸೆ ಹುಳಿಯ ಅಡುಗೆಗೆ, ಕುಂದಾಪುರದ ಘೀ ರೋಸ್ಟ್‌ನಂಥದ್ದಕ್ಕೆ, ಅದರ ಹುಳಿ ಸಾಲದು. ಅಲ್ಲಿ ಸ್ವಲ್ಪ ಸಿಹಿ ಉಳಿಸಿದ ರೀಸ್ಲಿಂಗ್ ಅಥವಾ ಲ್ವಾರ್ ಕಣಿವೆಯ ‘ದೆಮಿ ಸೆಕ್’ (ಅರೆಸಿಹಿ) ವೂವ್ರೆ ಮೇಲು.

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ, ಸುಮಾರು 1,000 ಕಿಲೋಮೀಟರ್. ಸಮುದ್ರ ಸೇರುವ ಕಡೆ ಮುಸ್ಕಾದೇ ಸಿಗುತ್ತದೆ. ತೆಳು, ಹಗುರ, ಬೆಲೆಯೂ ಹಗುರ. ‘ಸೂರ್ ಲೀ’ ಅಂತ ಬರೆದಿದ್ದರೆ ಹುದುಗಿನ ಚರಟದ ಮೇಲೇ ಇಟ್ಟಿದ್ದಾರೆ ಅಂತ, ರುಚಿಗೆ ಸ್ವಲ್ಪ ಮೈ ಬಂದಿರುತ್ತದೆ. ರವೆ ಹಚ್ಚಿ ಹುರಿದ ಕಾಣೆ ಮೀನಿಗೆ ನಾನು ಹುಡುಕುವುದು ಇದನ್ನು. ನದಿಯ ಮೇಲಕ್ಕೆ ಹೋದರೆ ಸಾನ್ಸೇರ್. ಅಲ್ಲಿಯ ಶಾವಿನ್ಯೋಲ್ ಅನ್ನುವ ಹಳ್ಳಿಯಲ್ಲಿ ಆಡಿನ ಹಾಲಿನ ಪುಟ್ಟ ಗುಂಡು ಚೀಸ್ ಮಾಡುತ್ತಾರೆ, ಅದೇ ಹಳ್ಳಿಯ ಇಳಿಜಾರಿನಲ್ಲಿ ಸೋವಿನ್ಯೋನ್ ಬ್ಲಾಂಕ್ ಬೆಳೆಯುತ್ತಾರೆ. ಚೀಸ್ ಹುಳಿ, ವೈನ್ ಹುಳಿ, ಒಂದಕ್ಕೊಂದು ಸರಿಸಮ. ಚೀಸ್ ಅಂದರೆ ಕೆಂಪು ವೈನ್ ಅನ್ನುವ ನಂಬಿಕೆ ಇದೆಯಲ್ಲ, ಅದನ್ನು ಮರೆತುಬಿಡಿ. ಹೆಚ್ಚಿನ ಚೀಸ್‌ಗೆ ಬಿಳಿಯೇ ಚೆನ್ನಾಗಿ ಹೊಂದುತ್ತದೆ. ನಡುವೆ ಸಿಗುವ ಶಿನೋಂ ಕೆಂಪು ವೈನಿನಲ್ಲಿ ದೊಣ್ಣೆ ಮೆಣಸಿನಕಾಯಿಯ ವಾಸನೆ ಬಂದರೆ ಗಾಬರಿ ಬೇಡ. ಎರಡರಲ್ಲೂ ಇರುವುದು ಪೈರಜೀನ್ ಅನ್ನುವ ಒಂದೇ ಗುಂಪಿನ ಸಂಯುಕ್ತ.

ಶಾಂಪೇನ್ ಬಗ್ಗೆ ಎರಡೇ ಮಾತು. ಬಾಟಲಿಯೊಳಗೇ ಎರಡನೇ ಸಲ ಹುದುಗು ಬಂದು ಗುಳ್ಳೆ ಹುಟ್ಟುತ್ತದೆ, ಒಳಗೆ 5ರಿಂದ 6 ವಾತಾವರಣದಷ್ಟು ಒತ್ತಡ. ಸತ್ತ ಯೀಸ್ಟ್ ಮೇಲೆ ತಿಂಗಳುಗಟ್ಟಲೆ ಕೂತದ್ದರಿಂದ ಬ್ರೆಡ್ಡಿನ ಪರಿಮಳ. ಲೇಬಲ್‌ನಲ್ಲಿ ‘ಬ್ರೂತ್’ ಅಂದರೆ ಸಿಹಿ ಬಹಳ ಕಮ್ಮಿ, ‘ಎಕ್ಸ್‌ಟ್ರಾ ಡ್ರೈ’ ಅಂದರೆ ವಿಚಿತ್ರವಾಗಿ ಅದಕ್ಕಿಂತ ಸಿಹಿ. ಇದು ಟೋಸ್ಟ್ ಮಾಡಿ ಮುಗಿಸುವ ಪಾನೀಯ ಅಂತ ತಿಳಿದರೆ ನಷ್ಟ. ಹುಳಿ ಮತ್ತು ಗುಳ್ಳೆ ಸೇರಿ ಎಣ್ಣೆಯಲ್ಲಿ ಕರಿದ ಯಾವುದಕ್ಕೂ ಸೈ, ಈರುಳ್ಳಿ ಬಜ್ಜಿಯೂ ಸೇರಿ. ಬೆಲೆ ಜಾಸ್ತಿ ಅನಿಸಿದರೆ ‘ಕ್ರೆಮಾಂ’ ಅಂತ ಬರೆದದ್ದು ನೋಡಿ. ಆಲ್ಸಾಸ್, ಬರ್ಗಂಡಿ, ಲ್ವಾರ್‌ಗಳಲ್ಲಿ ಇದೇ ಕ್ರಮದಲ್ಲಿ ಮಾಡುತ್ತಾರೆ.

ಮೆಂತ್ಯದ ವಾಸನೆಯ ವೈನ್

ಬರ್ಗಂಡಿಗೂ ಸ್ವಿಟ್ಜರ್ಲೆಂಡಿಗೂ ನಡುವೆ ಜುರಾ ಅನ್ನುವ ಪುಟ್ಟ ಗುಡ್ಡಗಾಡು. ಲೂಯಿ ಪಾಸ್ಟರ್ ಬೆಳೆದದ್ದು ಇಲ್ಲಿಯ ಆರ್ಬ್ವಾ ಊರಿನಲ್ಲಿ. ವೈನ್ ಕೆಡುವುದು ಯಾಕೆ ಅಂತ ಅಭ್ಯಾಸ ಮಾಡಿದ, ಮುಂದೆ ಅಲ್ಲೇ ಒಂದು ತೋಟವನ್ನೂ ಕೊಂಡ. ಇಲ್ಲಿಯ ವಿಶೇಷ ‘ವ್ಯಾಂ ಜೋನ್’, ಹಳದಿ ವೈನ್. ಸಾವಾನ್ಯಾಂ ದ್ರಾಕ್ಷಿಯ ವೈನನ್ನು ಪೀಪಾಯಿಯಲ್ಲಿಟ್ಟು ಆರು ವರ್ಷಕ್ಕೂ ಮೇಲೆ ಮುಟ್ಟುವುದಿಲ್ಲ. ಬೇರೆಲ್ಲ ಕಡೆ ಆವಿಯಾದಷ್ಟು ವೈನನ್ನು ಮತ್ತೆ ತುಂಬಿಸುತ್ತಾರೆ. ಇಲ್ಲಿ ತುಂಬಿಸುವುದಿಲ್ಲ. ಮೇಲೆ ಯೀಸ್ಟಿನ ತೆಳು ಪೊರೆ ಕಟ್ಟಿಕೊಂಡು ಅದೇ ವೈನನ್ನು ಕಾಯುತ್ತದೆ. ಒಂದು ಲೀಟರ್ ಇಟ್ಟರೆ ಕೊನೆಗೆ ಉಳಿಯುವುದು 62 ಸೆಂಟಿಲೀಟರ್ ಅಂತ ಲೆಕ್ಕ, ಹಾಗಾಗಿ ಕ್ಲಾವಲಾಂ ಅನ್ನುವ ಅದರ ಕುಳ್ಳು ಬಾಟಲಿಯೂ ಸರಿಯಾಗಿ 62ರದೇ.

ಮೂಗಿಟ್ಟರೆ ಅಕ್ರೋಟು, ಆಮೇಲೆ ಸ್ಪಷ್ಟವಾಗಿ ಮೆಂತ್ಯ. ಸೊಟೊಲಾನ್ ಅನ್ನುವ ಸಂಯುಕ್ತ ಅದಕ್ಕೆ ಕಾರಣ, ಮೆಂತ್ಯದ ಕಾಳಿನ ವಾಸನೆಯೂ ಅದರದ್ದೇ. ಜುರಾದವರು ಇದನ್ನು ಅಲ್ಲಿಯ ಕೋಂತೆ ಚೀಸ್ ಜೊತೆ ಕುಡಿಯುತ್ತಾರೆ, ಕೋಳಿ ಮತ್ತು ಮೊರೆಲ್ ಅಣಬೆಯನ್ನು ಕೆನೆ ಹಾಕಿ ಇದರಲ್ಲೇ ಬೇಯಿಸುತ್ತಾರೆ. ಮೆಂತ್ಯ ಹುರಿದು ಹಾಕುವ ನಮ್ಮ ಅಡುಗೆಗಳಿಗೆ, ಹದವಾದ ಖಾರದ ಮೀನು ಗಸಿಗೆ, ಇದು ಹೊಂದುವ ಪರಿ ನೋಡಬೇಕು. ಮೊದಲ ಗುಟುಕಿಗೆ ‘ಕೆಟ್ಟಿದೆ’ ಅನಿಸಬಹುದು. ಮೂರನೆಯದರವರೆಗೆ ಕಾಯಿರಿ.

ದಕ್ಷಿಣದ ಸಮುದ್ರದ ಕಡೆ

ಪ್ರೊವಾನ್ಸ್ ಅಂದರೆ ತಿಳಿ ಗುಲಾಬಿ ಬಣ್ಣದ ರೋಜೆ. ಕೆಂಪು ದ್ರಾಕ್ಷಿಯನ್ನು ಬೇಗ ಹಿಂಡಿ ಸಿಪ್ಪೆ ಬೇರೆ ಮಾಡಿದರೆ ಇಷ್ಟೇ ಬಣ್ಣ ಇಳಿಯುತ್ತದೆ. ಬೆಳ್ಳುಳ್ಳಿ, ಟೊಮೆಟೊ, ಆಲಿವ್ ಎಣ್ಣೆ ಹಾಕಿದ ಅಡುಗೆಗೆ, ಮಾರ್ಸೇಯ ‘ಬುಯಾಬೇಸ್’ ಮೀನು ಸಾರಿಗೆ ಇದೇ. ಪಕ್ಕದ ಲಾಂಗ್‌ಡಾಕ್ ಒಂದು ಕಾಲಕ್ಕೆ ಅಗ್ಗದ ವೈನಿನ ಕಡಲು. ಈಗ ಕೊರ್ಬಿಯೇರ್, ಫೊಜೇರ್, ಮಿನೆರ್ವ್ವಾ ಹೆಸರಿನ ಕೆಂಪು ವೈನುಗಳು ಕೊಟ್ಟ ದುಡ್ಡಿಗೆ ಮೋಸವಿಲ್ಲ. ನೈಋತ್ಯದ ಕಾವೋರ್ ಊರು ಮಾಲ್ಬೆಕ್ ದ್ರಾಕ್ಷಿಯ ತವರು. ಹೆಸರು ಮಾಡಿದ್ದು ಮಾತ್ರ ಅರ್ಜೆಂಟೀನಾ. ಕಪ್ಪುಗೆಂಪು, ಗಟ್ಟಿ ಒಗರು, ಬಾತುಕೋಳಿಯನ್ನು ಅದರದ್ದೇ ಕೊಬ್ಬಿನಲ್ಲಿ ಬೇಯಿಸುವ ‘ಕೋಂಫಿ’ಗೆ ಬೇಕಾದದ್ದು ಅಷ್ಟೇ ಒಗರು.

ಈ ತಳಿಗಳಲ್ಲಿ ಕೆಲವು ನಮ್ಮಲ್ಲೂ ಬೇರು ಬಿಟ್ಟಿವೆ. ನಂದಿ ಬೆಟ್ಟದ ತಪ್ಪಲಿನ ತೋಟಗಳಲ್ಲಿ ಕ್ಯಾಬರ್ನೆ, ಸಿರಾ, ಸೋವಿನ್ಯೋನ್ ಬ್ಲಾಂಕ್ ಬೆಳೆಯುತ್ತಾರೆ. ಅಲ್ಲಿಯ ಗ್ರೋವರ್ ಕಂಪನಿಗೆ ಬೋರ್ಡೋದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾನ್ ಮಾರ್ಗದರ್ಶನ ಮಾಡಿದ್ದರು. ಮೂಲದ ಬೋರ್ಡೋ ಮತ್ತು ಇಲ್ಲಿಯ ಕ್ಯಾಬರ್ನೆಯನ್ನು ಅಕ್ಕಪಕ್ಕ ಇಟ್ಟು ರುಚಿ ನೋಡಿದರೆ ನೆಲ, ಬಿಸಿಲಿನ ಮಾತು ನಾಲಗೆಗೇ ಗೊತ್ತಾಗುತ್ತದೆ.

ಕುಡಿಯುವ ಮುಂಚೆ ಒಂದು ವಿಷಯ. ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕುಡಿಯಬೇಕು ಅನ್ನುವ ಮಾತು ಯುರೋಪಿನ ತಣ್ಣನೆ ಮನೆಗಳದ್ದು, ಅಂದರೆ 16ರಿಂದ 18 ಡಿಗ್ರಿ. ಏಪ್ರಿಲ್ ತಿಂಗಳ ಬೆಂಗಳೂರಲ್ಲಿ, ಅದಕ್ಕಿಂತ ಹೆಚ್ಚಾಗಿ ಮಂಗಳೂರು, ಕಲಬುರಗಿಯಲ್ಲಿ, ಕೋಣೆ 30 ದಾಟಿರುತ್ತದೆ. ಆ ಬಿಸಿಯಲ್ಲಿ ಆಲ್ಕೋಹಾಲ್ ಮಾತ್ರ ಮೂಗಿಗೆ ಹೊಡೆಯುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬಿಳಿಯನ್ನು ತೀರಾ ಐಸಿನಂತೆ ಮಾಡಿದರೆ ಪರಿಮಳ ಮುಚ್ಚಿಹೋಗುತ್ತದೆ, ಹತ್ತು ನಿಮಿಷ ಮುಂಚೆ ಹೊರಗಿಡಿ. ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಕೆಂಪಾಗಲಿ ಬಿಳಿಯಾಗಲಿ ಎರಡು ಮೂರು ದಿನ ಬರುತ್ತದೆ. ವ್ಯಾಂ ಜೋನ್ ಮಾತ್ರ ವಾರಗಟ್ಟಲೆ ಇರುತ್ತದೆ, ಗಾಳಿಯ ಜೊತೆ ಆರು ವರ್ಷ ಕಳೆದು ಬಂದದ್ದಲ್ವಾ.